ಜೇನಿನ ವಿಷ, ಮೊಡವೆಯ ಮುಖ
(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಈ ಭಾಷಣಕ್ಕೆ ನನ್ನನ್ನು ಕರೆದವರು ಮೊದಲು ಸೂಚಿಸಿದ ವಿಷಯ ಜೇನುತುಪ್ಪದ ಔಷಧಗುಣಗಳು ಎಂಬುದಾಗಿತ್ತು. ಜೇನುತುಪ್ಪವನ್ನು ಹೊಗಳುವುದಕ್ಕೆ ವೈದ್ಯನೇ ಬೇಕೆಂದಿಲ್ಲ. ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುವ ಅಜ್ಜಿಯೊಬ್ಬರು ಪ್ರತಿಯೊಂದು ಮನೆಯಲ್ಲಿಯೂ ಇರುತ್ತಾರೆ. ತುಪ್ಪವನ್ನು ಅವರಿಗೇ ಬಿಟ್ಟು, ಅದೇ ನೊಣದ ಹೊಟ್ಟೆಯ ಹಿಂತುದಿಯಲ್ಲಿರುವ ಇನ್ನೊಂದು ದ್ರವವನ್ನು ಕುರಿತು ಮಾತಾಡಲು ಅಪ್ಪಣೆ ಬೇಡಿದೆ. ಅವರು ಸ್ವಲ್ಪ ಅನುಮಾನಿಸಿ ಒಪ್ಪಿದರು. ಆ ದ್ರವ ಜೇನಿನ ವಿಷ. ಅದು ಮೊಡವೆಗೆ ಮದ್ದಾಗಬಲ್ಲದೆ ಎಂಬುದು ಪ್ರಶ್ನೆ. ಪ್ರಶ್ನೆ ನನ್ನದಲ್ಲ, ಒಬ್ಬ ಹುಡುಗನದು. ಅವನು ಕೇಳಿದಾಗ ನಾನು ಉತ್ತರ ಕೊಡಲಿಲ್ಲ, ಬೈದೆ. ಉತ್ತರವನ್ನು ಇವತ್ತು ಕೊಡಲು ಯತ್ನಿಸುತ್ತೇನೆ.

2014ನೆಯ ಇಸವಿಯ ಏಪ್ರಿಲ್ ತಿಂಗಳ ಕೊನೆ. ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಸಿರಸಿಯ ಕಡೆಯ ಒಂದು ತೋಟದ ಹಳ್ಳಿಯಿಂದ ಬಂದ ಜೀಪು ಮನೆಯ ಮುಂದೆ ನಿಂತಿತು. ನಾನು ಚರ್ಮರೋಗಗಳ ವೈದ್ಯ. ನನ್ನಲ್ಲಿಗೆ ಯಾರೂ ಜೀಪಿನಲ್ಲಿ ಮಲಗಿಸಿಕೊಂಡು ಬರುವ ವಾಡಿಕೆಯಿಲ್ಲ. ಆದರೆ ದೊಡ್ಡ ಆಸ್ಪತ್ರೆಗೆ ಇನ್ನೂ ಅರ್ಧ ಗಂಟೆಯ ದಾರಿಯಿತ್ತು. ದಾರಿಯಲ್ಲಿ ಕಣ್ಣಿಗೆ ಬಿದ್ದ ಮೊದಲನೆಯ ಡಾಕ್ಟರ ಫಲಕ ನನ್ನದಾಗಿತ್ತು. ಹಿಂದಿನ ಸೀಟಿನಲ್ಲಿ ಇಪ್ಪತ್ತು ವರ್ಷದ ಹುಡುಗ. ಮೈತುಂಬ ಪಿತ್ತಗಂದೆಯೆದ್ದು ಕೆಂಪಾಗಿದ್ದ. ತುಟಿ, ಕಣ್ಣಿನ ರೆಪ್ಪೆ ಬಾತು ಮುಖದ ಗುರುತೇ ಸಿಗುತ್ತಿರಲಿಲ್ಲ. ಉಸಿರು ಸಿಳ್ಳೆ ಹಾಕುತ್ತಿತ್ತು, ನಾಡಿ ಬೆರಳಿಗೆ ಸಿಕ್ಕಿ ಸಿಕ್ಕಿ ತಪ್ಪುತ್ತಿತ್ತು. ತೊಡೆಗೆ ಅಡ್ರಿನಲೀನ್ ಚುಚ್ಚಿದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಚುಚ್ಚಿದೆ. ನಾಡಿ ಮರಳಿತು. ಅದೇ ಜೀಪಿನಲ್ಲಿ ನಾನೂ ಕುಳಿತು ಆಸ್ಪತ್ರೆಗೆ ಹೋದೆ.

ದಾರಿಯಲ್ಲಿ ಅವನ ತಂದೆ ಹೇಳಿದ್ದು ಇಷ್ಟು: "ತೋಟದಾಗೆ ಹನ್ನೆರಡು ಪೆಟ್ಟಿಗೆ ಜೇನು ಇದ್ದು ಡಾಕ್ಟ್ರೇ. ಮಾಣಿ ಸಣ್ಣವನಿದ್ದಾಗಿಂದ ಅದರ ನಡುವೆಯೇ ಓಡಾಡಿದವ. ಇವತ್ತು ಅವೇನೂ ಮೈಮೇಲೆ ಬಂದದ್ದಲ್ಲ. ಇವನೇ ಹಿಡಿದು ಕಚ್ಚಿಸಿಕೊಂಡದ್ದು."

ಹುಡುಗ ಖಾಲಿ ಬೆಂಕಿಪೊಟ್ಟಣದಲ್ಲಿ ತುಡುವೆ ನೊಣಗಳನ್ನು ಹಿಡಿದು ತಂದು ಕೆನ್ನೆಗೆ ಒತ್ತಿಕೊಂಡಿದ್ದ. ಮೊದಲನೆಯ ವಾರ ಎರಡು, ಎರಡನೆಯ ವಾರ ಎರಡು, ಮೂರನೆಯ ವಾರ ನಾಲ್ಕು. ವಿದೇಶದಲ್ಲಿ ಜೇನಿನ ವಿಷದಿಂದ ಮೊಡವೆ ವಾಸಿಮಾಡುತ್ತಾರೆಂದು ಅವನು ಎಲ್ಲಿಯೋ ಓದಿದ್ದನಂತೆ. ಮರುದಿನ ನೋಡಲು ಹೋದಾಗ ಊತ ಇಳಿದಿತ್ತು. ಮುಖ ಆಗ ನನಗೆ ಕಾಣಿಸಿತು. ಎರಡು ಕೆನ್ನೆಗಳ ಮೇಲೂ ದವಡೆಯ ಗುಂಟವೂ ಕೀವು ತುಂಬಿದ ದಪ್ಪ ಗಂಟುಗಳು, ಹಳೆಯ ಕುಳಿಗಳು. "ಏನಪ್ಪಾ, ಸಾಯುವುದಕ್ಕೆ ಹೊರಟಿದ್ದೆಯಾ?" ಎಂದೆ. ಅವನು ಗೋಡೆಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದ: "ಎಡಗಡೆಯದು ಕಡಿಮೆಯಾಗಿತ್ತು ಸರ್. ಎರಡನೇ ಸಲ ಆದಮೇಲೆ ನಿಜವಾಗಿಯೂ ಕಡಿಮೆಯಾಗಿತ್ತು." ನಾನು ಇನ್ನಷ್ಟು ಬೈದು ಹೊರಟುಬಂದೆ.

ಮನೆಗೆ ಬಂದ ಮೇಲೆ ಆ ಮಾತು ಕೊರೆಯತೊಡಗಿತು. ಅವನು ಹೇಳಿದ್ದು ಸುಳ್ಳೆಂದು ಯಾವ ಆಧಾರದ ಮೇಲೆ ನಿರ್ಧರಿಸಿದೆ? ಆ ವಿಷಯವನ್ನು ನಾನು ಓದಿಯೇ ಇರಲಿಲ್ಲ. ಓದಲು ತೊಡಗಿದ್ದು ಅನಂತರ.

ಮೊದಲು ಮೊಡವೆಯ ಮಾತು. ಹಿರಿಯರಿಗೆ ಇದೊಂದು ತಮಾಷೆಯ ವಸ್ತು. ಪ್ರಾಯದ ಹೂವು, ಮದುವೆಯಾದರೆ ಹೋಗುತ್ತದೆ ಎಂದು ನಗುತ್ತಾರೆ. ನಮ್ಮ ಪ್ರಾಚೀನ ವೈದ್ಯರು ಹಾಗೆ ನಗಲಿಲ್ಲ. ಸುಶ್ರುತಸಂಹಿತೆಯಲ್ಲಿ ಇದಕ್ಕೆ ಮುಖದೂಷಿಕೆ ಎಂದು ಹೆಸರಿದೆ, ಮುಖವನ್ನು ಕೆಡಿಸುವಂಥದು ಎಂದು ಅರ್ಥ. ಅಲ್ಲಿ ಇದನ್ನು ಬೂರುಗದ ಮರದ ಮುಳ್ಳಿಗೆ ಹೋಲಿಸಿದ್ದಾರೆ. ಬೂರುಗದ ಎಳೆಯ ಕಾಂಡವನ್ನು ನೋಡಿದವರಿಗೆ ಆ ಹೋಲಿಕೆ ಎಷ್ಟು ನಿಷ್ಠುರವಾದದ್ದೆಂದು ತಿಳಿಯುತ್ತದೆ. ಈ ಹುಡುಗ ಕಾಲೇಜಿನಲ್ಲಿ ಕೊನೆಯ ಬೆಂಚಿನಿಂದ ಎದ್ದು ಮುಂದೆ ಬಂದವನಲ್ಲ. ಅಕ್ಕನ ಮದುವೆಯ ಚಿತ್ರಗಳಲ್ಲಿ ಒಂದರಲ್ಲಿಯೂ ಅವನಿಲ್ಲ. ಇದನ್ನು ಅವನು ಹೇಳಿದ್ದಲ್ಲ, ತಾಯಿ ಹೇಳಿದ್ದು. ಎಂಟು ನೊಣಗಳ ಮುಳ್ಳನ್ನು ತಾನಾಗಿ ಕೆನ್ನೆಗೆ ಊರಿಸಿಕೊಳ್ಳಬೇಕಾದರೆ ಆ ಮುಖವನ್ನು ಹೊತ್ತು ತಿರುಗುವ ನೋವು ಅದಕ್ಕಿಂತ ಹೆಚ್ಚಿನದಾಗಿರಬೇಕಲ್ಲವೆ?

ಮೊಡವೆ ಹುಟ್ಟುವ ರೀತಿ ಹೀಗೆ. ನಮ್ಮ ಚರ್ಮದ ಪ್ರತಿಯೊಂದು ರೋಮದ ಬುಡದಲ್ಲಿಯೂ ಎಣ್ಣೆಯಂಥ ಜಿಡ್ಡನ್ನು ಸುರಿಸುವ ಗ್ರಂಥಿಯೊಂದಿದೆ. ಪ್ರಾಯ ಬಂದಾಗ ಹಾರ್ಮೋನುಗಳ ಪ್ರೇರಣೆಯಿಂದ ಜಿಡ್ಡು ಹೆಚ್ಚುತ್ತದೆ. ರಂಧ್ರದ ಒಳಗೋಡೆಯ ಸತ್ತ ಕೋಶಗಳು ಉದುರಿಹೋಗದೆ ಜಿಡ್ಡಿನೊಡನೆ ಕಲಸಿ ಬಿರಡೆಯಾಗುತ್ತವೆ. ಹಿಂದೆ ಸಿಕ್ಕಿಬಿದ್ದ ಜಿಡ್ಡಿನಲ್ಲಿ ಗಾಳಿಯಿಲ್ಲದೆಡೆ ಸುಖವಾಗಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಅದಕ್ಕೆ ಪ್ರೊಪಿಯೋನಿಬ್ಯಾಕ್ಟೀರಿಯಂ ಆಕ್ನೆಸ್ ಎಂದು ಹೆಸರಿತ್ತು. 2016ರಲ್ಲಿ ಪಂಡಿತರು ಅದನ್ನು ಕ್ಯುಟಿಬ್ಯಾಕ್ಟೀರಿಯಂ ಎಂದು ಬದಲಿಸಿದರು. ಹೆಸರು ಬದಲಾದುದರಿಂದ ಅದರ ನಡತೆಯೇನೂ ಸುಧಾರಿಸಲಿಲ್ಲ. ದೇಹ ಆ ಜೀವಿಯನ್ನು ಗುರುತಿಸಿ ತನ್ನ ಕಾವಲು ಕೋಶಗಳನ್ನು ಅಲ್ಲಿಗೆ ಅಟ್ಟುತ್ತದೆ. ಕೆಂಪು, ಬಿಸಿ, ಊತ, ನೋವು, ಕೀವು. ಇದನ್ನೇ ನಾವು ಉರಿಯೂತವೆನ್ನುವುದು. ಮುಖವನ್ನು ಕೆಡಿಸುವುದು ಬ್ಯಾಕ್ಟೀರಿಯಾಕ್ಕಿಂತ ಹೆಚ್ಚಾಗಿ ಈ ಉರಿಯೂತವೇ. ಕುಳಿ ಉಳಿಯುವುದೂ ಅದರಿಂದಲೇ.

ಈಗ ವಿಷಕ್ಕೆ ಬರೋಣ. ಜೇನು ಕಚ್ಚಿದ ಜಾಗವೂ ಉರಿಯೂತದ ಒಂದು ಪಾಠವೇ: ಕೆಂಪು, ಬಿಸಿ, ಊತ, ನೋವು. ಹಾಗಿದ್ದರೆ ಉರಿಯೂತವನ್ನು ತರುವ ವಸ್ತುವಿನಿಂದಲೇ ಉರಿಯೂತವನ್ನು ಇಳಿಸುವ ಆಸೆ ಯಾರಿಗೆ, ಏಕೆ ಹುಟ್ಟಿತು?

ಇದಕ್ಕೆ ಸ್ವಲ್ಪ ಇತಿಹಾಸವಿದೆ. ಇಂದಿನ ಸ್ಲೊವೇನಿಯಾದಲ್ಲಿರುವ ಮಾರಿಬೋರ್ ಎಂಬ ಪಟ್ಟಣದಲ್ಲಿ ಫಿಲಿಪ್ ಟೆರ್ಚ್ ಎಂಬ ವೈದ್ಯನಿದ್ದ. ಬೊಹೀಮಿಯಾದಲ್ಲಿ 1844ರಲ್ಲಿ ಹುಟ್ಟಿದವನು. ಅವನಿಗೇ ಸಂಧಿವಾತವಿತ್ತು. ಜೇನು ಕಚ್ಚಿದ ಮೇಲೆ ತನ್ನ ನೋವು ಇಳಿಯಿತೆಂದು ಅವನಿಗೆ ತೋರಿತು. ಅವನು ರೋಗಿಗಳಿಗೆ ಜೇನು ಕಚ್ಚಿಸುತ್ತ ಹೋದ. 1888ರಲ್ಲಿ ವಿಯೆನ್ನಾದ ವೈದ್ಯಪತ್ರಿಕೆಯಲ್ಲಿ ಆ ವಿಷಯವನ್ನು ಬರೆದ. ನಮ್ಮ ಮಲೆನಾಡಿನಲ್ಲಿಯೂ ಜೇನು ಸಾಕುವವನಿಗೆ ಗಂಟುನೋವಿಲ್ಲ ಎಂಬ ಮಾತುಂಟು. ಗಂಟುನೋವಿನಿಂದ ನರಳುವ ಜೇನುಸಾಕಣೆಗಾರರನ್ನೂ ನಾನು ನೋಡಿದ್ದೇನೆ, ಆ ಮಾತು ಬೇರೆ.

ಟೆರ್ಚನಿಗೆ ತಾನು ಬಳಸುತ್ತಿರುವುದು ಏನೆಂದು ತಿಳಿದಿರಲಿಲ್ಲ. ಒಂದು ನೊಣದ ವಿಷದ ಚೀಲದಲ್ಲಿ ಒಣಗಿಸಿ ತೂಗಿದರೆ ಸುಮಾರು ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಪಾಲು ವಿಷವಿರುತ್ತದೆ. ಆ ಕಣದಲ್ಲಿ ಒಂದು ವಸ್ತುವಲ್ಲ, ಒಂದು ಸಂತೆಯೇ ಇದೆ. ಅರ್ಧದಷ್ಟು ಮೆಲಿಟಿನ್ ಎಂಬ ಪೆಪ್ಟೈಡ್. 26 ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಅದರ ಜೋಡಣೆಯ ಕ್ರಮವನ್ನು 1967ರಲ್ಲಿ ಜರ್ಮನಿಯ ಹಾಬರ್‌ಮನ್ ಮತ್ತು ಯೆಂಚ್ ಎಂಬವರು ಬಿಡಿಸಿದರು. ಫಾಸ್ಫೊಲೈಪೇಸ್ ಎಂಬ ಕಿಣ್ವ ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಅಲರ್ಜಿಯನ್ನು ಉಂಟುಮಾಡುವ ಮುಖ್ಯ ಅಪರಾಧಿ ಇದೇ. ಅಂಗಾಂಶಗಳ ನಡುವಣ ಅಂಟನ್ನು ಕರಗಿಸಿ ಉಳಿದವುಗಳಿಗೆ ದಾರಿ ಮಾಡಿಕೊಡುವ ಹಯಲುರೊನಿಡೇಸ್ ಇನ್ನೊಂದು. ನರಗಳ ಮೇಲೆ ವರ್ತಿಸುವ ಅಪಮಿನ್ ಮತ್ತೊಂದು. ಇವುಗಳ ನಡುವೆ ಇನ್ನೂ ಒಬ್ಬ ವಿಚಿತ್ರ ಆಸಾಮಿಯಿದ್ದಾನೆ. ನಮ್ಮ ಚರ್ಮದಲ್ಲಿ ಮಾಸ್ಟ್ ಕೋಶಗಳೆಂಬ ಹಿಸ್ಟಮಿನ್ನಿನ ಮೂಟೆಗಳಿವೆ. ಆ ಮೂಟೆಗಳನ್ನು ಒಡೆದು ತುರಿಕೆಯನ್ನೂ ಊತವನ್ನೂ ಎಬ್ಬಿಸುವ ಪೆಪ್ಟೈಡ್ ಅದು. ಇಂಗ್ಲೆಂಡಿನ ಸಂಶೋಧಕರು ಇದನ್ನೇ ಬೇರ್ಪಡಿಸಿ ಇಲಿಗಳ ಮೇಲೆ ಪ್ರಯೋಗಿಸಿದಾಗ ಅದು ಉರಿಯೂತವನ್ನು ಬಲವಾಗಿ ತಡೆಯಿತು. 1973ರ 'ನೇಚರ್' ಪತ್ರಿಕೆಯಲ್ಲಿ ಆ ಲೇಖನ ಬಂತು. ಊತವನ್ನು ಎಬ್ಬಿಸುವ ವಸ್ತುವೇ, ಬೇರೆ ಪ್ರಮಾಣದಲ್ಲಿ, ಊತವನ್ನು ಇಳಿಸುತ್ತದೆ! ಟೆರ್ಚನ ಹಳೆಯ ಆಸೆಗೆ ಹೀಗೆ ಒಂದು ಆಧಾರ ದೊರೆಯಿತು. ಅದು ಇಲಿಯಲ್ಲಿ ದೊರೆತ ಆಧಾರ ಎಂಬುದನ್ನು ಮರೆಯಬಾರದು.

ಮೆಲಿಟಿನ್ನಿನ ಸ್ವಭಾವವೂ ಹಾಗೆಯೇ ಇಬ್ಬಗೆಯದು. ಅದು ಜೀವಕೋಶದ ಹೊರಪೊರೆಯಲ್ಲಿ ಹೂತುಕೊಂಡು ರಂಧ್ರ ಮಾಡುತ್ತದೆ. ಬ್ಯಾಕ್ಟೀರಿಯಾದ ಪೊರೆ ತೂತಾದರೆ ಬ್ಯಾಕ್ಟೀರಿಯಾ ಸಾಯುತ್ತದೆ. ನಮ್ಮ ಕೆಂಪು ರಕ್ತಕಣದ ಪೊರೆಯೂ ಅದೇ ರೀತಿ ತೂತಾಗುತ್ತದೆ. ಶತ್ರು ಯಾರು, ಮಿತ್ರ ಯಾರು ಎಂಬುದು ಅದಕ್ಕೆ ಗೊತ್ತಿಲ್ಲ. ಆದರೆ ತೀರ ಅಲ್ಪಪ್ರಮಾಣದಲ್ಲಿ ಅದು ಪೊರೆಯನ್ನು ಹರಿಯದೆ, ಕೋಶದೊಳಗೆ ಉರಿಯೂತದ ಆಜ್ಞೆಯನ್ನು ಹೊರಡಿಸುವ ವ್ಯವಸ್ಥೆಯನ್ನು ಮಾತ್ರ ಅಡಗಿಸುತ್ತದೆಂದು ಪ್ರಯೋಗಶಾಲೆಯ ಕೋಶಗಳಲ್ಲಿ ಕಂಡುಬಂದಿದೆ. ಔಷಧ ಮಾಡಹೊರಟವರ ಕಷ್ಟವೆಲ್ಲ ಈ ಎರಡರ ನಡುವಣ ಕಿರುದಾರಿಯಲ್ಲಿದೆ.

ವಿಷವನ್ನು ಸಂಗ್ರಹಿಸುವುದು ಹೇಗೆಂದು ನೀವು ಕೇಳಬಹುದು. ಕಚ್ಚಿದ ನೊಣ ಸಾಯುತ್ತದೆ; ಅದರ ಮುಳ್ಳಿಗೆ ಗಾಳದಂಥ ಹಿನ್ನೊಕ್ಕುಗಳಿರುವುದರಿಂದ ನಮ್ಮ ಚರ್ಮದಲ್ಲಿ ಸಿಕ್ಕಿ, ಚೀಲಸಮೇತ ಕಿತ್ತುಬರುತ್ತದೆ. ಒಂದು ಗ್ರಾಮಿಗೆ ಹತ್ತು ಸಾವಿರ ನೊಣಗಳ ಲೆಕ್ಕವಾದರೆ ಇದು ಕಟುಕನ ಉದ್ಯೋಗವಾಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬೆಂಟನ್, ಮೋರ್ಸ್ ಮತ್ತು ಸ್ಟೂವರ್ಟ್ 1963ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದರು. ಗೂಡಿನ ಬಳಿ ತಂತಿಗಳನ್ನು ಎಳೆದ ಚೌಕಟ್ಟನ್ನಿಟ್ಟು ಅದರಲ್ಲಿ ಸಣ್ಣಗೆ ವಿದ್ಯುತ್ತನ್ನು ಹರಿಸುವುದು. ತಂತಿಯ ಮೇಲೆ ನಿಂತ ನೊಣ ರೇಗಿ, ಕೆಳಗಿರುವ ತೆಳುವಾದ ಹಾಳೆಯನ್ನು ಚುಚ್ಚುತ್ತದೆ. ಮನುಷ್ಯನ ಚರ್ಮದಲ್ಲಿ ಸಿಕ್ಕಿಕೊಳ್ಳುವ ಮುಳ್ಳು ಆ ಹಾಳೆಯಿಂದ ಹೊರಬರುತ್ತದೆ, ನೊಣ ಬದುಕುತ್ತದೆ. ವಿಷ ಒಣಗಿ ಬಿಳಿಯ ಪುಡಿಯಾಗುತ್ತದೆ. ಇಂಥ ಗಾಜಿನ ಹಲಗೆಗಳಿಂದ ಅದನ್ನು ಅಲಗಿನಿಂದ ಕೆರೆದು ತೆಗೆಯುತ್ತಾರೆ. ಆ ಧೂಳು ಕಣ್ಣು ಮೂಗುಗಳಿಗೆ ತಾಗದಂತೆ ಮುಸುಕು ಧರಿಸಲೇಬೇಕು. ರೇಗಿದ ನೊಣ ಹೊರಡಿಸುವ ಎಚ್ಚರಿಕೆಯ ವಾಸನೆ ಮಾಗಿದ ಬಾಳೆಹಣ್ಣಿನ ವಾಸನೆಯಂತಿರುತ್ತದೆ, ಅದೇ ರಾಸಾಯನಿಕ. ಪೆಟ್ಟಿಗೆ ತೆರೆಯುವ ದಿನ ಬಾಳೆಹಣ್ಣು ತಿಂದು ಹೋಗಬೇಡ ಎಂದು ಹಿರಿಯರು ಹೇಳಿದರೆ ನಕ್ಕುಬಿಡಬೇಡಿ.

ಇನ್ನು ಹುಡುಗ ಓದಿದ ಸಂಗತಿ. ಅದು ಕಟ್ಟುಕಥೆಯಾಗಿರಲಿಲ್ಲ. ದಕ್ಷಿಣ ಕೊರಿಯದ ಸಂಶೋಧಕರು ಶುದ್ಧೀಕರಿಸಿದ ಜೇನಿನ ವಿಷ ಪ್ರಯೋಗಶಾಲೆಯಲ್ಲಿ ಮೊಡವೆಯ ಬ್ಯಾಕ್ಟೀರಿಯಾವನ್ನು ತಡೆಯುವುದನ್ನು ತೋರಿಸಿದರು. ಬಳಿಕ ಆ ವಿಷ ಬೆರೆಸಿದ ಲೇಪನವನ್ನು ಮನುಷ್ಯರ ಮುಖಕ್ಕೆ ಹಚ್ಚಿ ನೋಡಿದರು. 2013ರಲ್ಲಿ ಅದು ಪ್ರಕಟವಾಯಿತು. ಯಾರಿಗೆ ವಿಷವುಳ್ಳ ಲೇಪನ, ಯಾರಿಗೆ ಬರಿಯ ಲೇಪನ ಎಂಬುದನ್ನು ಹಚ್ಚುವವರಿಗೂ ನೋಡುವವರಿಗೂ ತಿಳಿಸದೆ ನಡೆಸಿದ ಪರೀಕ್ಷೆ; ರೀತಿ ಸರಿಯಾದದ್ದೇ. ವಿಷವುಳ್ಳ ಲೇಪನ ಹಚ್ಚಿಕೊಂಡವರಲ್ಲಿ ಮೊಡವೆ ಇಳಿಯಿತು. ಆದರೆ ಎಷ್ಟು ಜನ? ಒಟ್ಟು ಹನ್ನೆರಡು. ಎಷ್ಟು ದಿನ? ಎರಡು ವಾರ. ಮರುವರ್ಷ ಅದೇ ದೇಶದ ಇನ್ನೊಂದು ತಂಡ ಇಲಿಗಳ ಕಿವಿಗೆ ಮೊಡವೆಯ ಬ್ಯಾಕ್ಟೀರಿಯಾವನ್ನು ಚುಚ್ಚಿ, ವ್ಯಾಸಲೀನಿನಲ್ಲಿ ಬೆರೆಸಿದ ವಿಷವನ್ನು ಮೇಲೆ ಹಚ್ಚಿತು; ಕಿವಿಯ ಊತ ಇಳಿಯಿತು. 2016ರಲ್ಲಿ ಮಕ್ಕಳನ್ನೂ ದೊಡ್ಡವರನ್ನೂ ಕಾಡುವ ಇಸುಬಿನಂಥ ಚರ್ಮವ್ಯಾಧಿಗೆ 136 ಮಂದಿಯ ಮೇಲೆ ವಿಷವುಳ್ಳ ಲೇಪನದ ಪರೀಕ್ಷೆ ಪ್ರಕಟವಾಯಿತು. ಅಲ್ಲಿಯೂ ಸ್ವಲ್ಪ ಗುಣ ಕಂಡಿತು.

ನಾನು ಇವುಗಳನ್ನು ಅಲ್ಲಗಳೆಯುವುದಿಲ್ಲ. ಮೊಡವೆಗೆ ವರ್ಷಗಟ್ಟಲೆ ಕೊಟ್ಟ ಆಂಟಿಬಯಾಟಿಕ್ ಔಷಧಗಳಿಗೆ ಬ್ಯಾಕ್ಟೀರಿಯಾ ಒಗ್ಗಿಹೋಗುತ್ತಿರುವ ಕಾಲದಲ್ಲಿ ಬೇರೆ ಬಗೆಯಿಂದ ಕೊಲ್ಲುವ ವಸ್ತುವನ್ನು ಹುಡುಕುವುದು ಸರಿಯಾದ ಕೆಲಸ. ಆದರೆ ಹನ್ನೆರಡು ಮಂದಿಯ ಎರಡು ವಾರದ ಮೇಲೆ ಒಂದು ಚಿಕಿತ್ಸೆಯನ್ನು ಕಟ್ಟಲಾಗದು. ಮೊಡವೆ ಸಮುದ್ರದ ಹಾಗೆ. ತಾನಾಗಿ ಉಕ್ಕುತ್ತದೆ, ತಾನಾಗಿ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಏನನ್ನು ಹಚ್ಚಿದ್ದೆವೋ ಅದಕ್ಕೆ ಕೀರ್ತಿ. ನನ್ನ ಹುಡುಗನ ಎಡಗೆನ್ನೆಗೆ ಇನ್ನೂ ಒಂದು ಕಾರಣವಿದ್ದೀತು: ಬಾತ ಕೆನ್ನೆಯ ಚರ್ಮ ಬಿಗಿದು, ಸಣ್ಣ ಗಂಟುಗಳು ಅದರಲ್ಲಿ ಹುದುಗಿಹೋಗಿ, ಕನ್ನಡಿಯಲ್ಲಿ ಮುಖ ನಯವಾಗಿ ಕಂಡಿರಬೇಕು. ವಿಷವೂ ಸ್ವಲ್ಪ ಕೆಲಸ ಮಾಡಿರಬಹುದು. ಇಲ್ಲವೆನ್ನಲು ನನಗೆ ಧೈರ್ಯವಿಲ್ಲ.

ಅವನು ತಪ್ಪಿದ್ದು ಬೇರೆ ಕಡೆ. ಕೊರಿಯದವರು ಹಚ್ಚಿದರು, ಇವನು ಚುಚ್ಚಿಸಿಕೊಂಡ. ಗಾಯವಿಲ್ಲದ ಚರ್ಮದ ಮೇಲೆ ಅತ್ಯಲ್ಪ ವಿಷವುಳ್ಳ ಲೇಪನ ಬಹುಮಟ್ಟಿಗೆ ಹೊರಗೇ ಉಳಿಯುತ್ತದೆ. ನೊಣದ ಮುಳ್ಳು ಆ ಕೋಟೆಯನ್ನು ದಾಟಿ, ಇಡೀ ಸಂತೆಯನ್ನು ರಕ್ತದ ಬಾಗಿಲಿಗೆ ಒಯ್ದು ಸುರಿಯುತ್ತದೆ. ಮೊದಲ ಬಾರಿ ಏನೂ ಆಗಲಿಲ್ಲ, ಎರಡನೆಯ ಬಾರಿ ಊತ ಮಾತ್ರ, ಆದುದರಿಂದ ಮೂರನೆಯ ಬಾರಿ ಹೆದರಬೇಕಾಗಿಲ್ಲ ಎಂಬ ಅವನ ತರ್ಕವೇ ಅಪಾಯದ್ದು. ಅಲರ್ಜಿ ಎಂಬುದು ದೇಹ ಕಲಿಯುವ ಪಾಠ. ಮೊದಲ ಕಡಿತಗಳಲ್ಲಿ ಅದು ಕಲಿಯುತ್ತಿರುತ್ತದೆ. ಕಲಿತದ್ದನ್ನು ಒಪ್ಪಿಸುವುದು ಅನಂತರ. 2018ರಲ್ಲಿ ಸ್ಪೇನಿನ ವೈದ್ಯರು ಒಂದು ಪ್ರಕರಣವನ್ನು ವರದಿ ಮಾಡಿದರು. 55 ವರ್ಷದ ಹೆಂಗಸು. ಸ್ನಾಯುಗಳ ಬಿಗಿತಕ್ಕೂ ಮನಸ್ಸಿನ ಒತ್ತಡಕ್ಕೂ ಎಂದು ಎರಡು ವರ್ಷಗಳಿಂದ, ನಾಲ್ಕು ವಾರಗಳಿಗೊಮ್ಮೆ ಜೀವಂತ ಜೇನುನೊಣಗಳಿಂದ ಚುಚ್ಚಿಸಿಕೊಳ್ಳುತ್ತಿದ್ದಳು. ಎಂದೂ ಏನೂ ಆಗಿರಲಿಲ್ಲ. ಒಂದು ದಿನ ಮೊದಲ ನೊಣ ಕಚ್ಚಿದ ಕೂಡಲೇ ಕುಸಿದಳು. ಮುಂದೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆದಕಾರಣ ಜೇನಿನ ವಿಷವುಳ್ಳ ಲೇಪನಗಳನ್ನು ಕೊಳ್ಳಹೊರಟವರಿಗೂ ನನ್ನ ಮೊದಲ ಪ್ರಶ್ನೆ ಮೊಡವೆಯನ್ನು ಕುರಿತದ್ದಲ್ಲ: ನಿಮಗೆ ಎಂದಾದರೂ ಜೇನೋ ಕಣಜವೋ ಕಚ್ಚಿ ಮೈಯೆಲ್ಲ ದದ್ದೆದ್ದಿತ್ತೆ, ಉಸಿರು ಕಟ್ಟಿತ್ತೆ? ಹೌದಾದರೆ ಅದರ ಹತ್ತಿರ ಹೋಗಬೇಡಿ. ಕೆರೆದು ಒಡೆದ ಮೊಡವೆಯ ಮೇಲಂತೂ ಯಾರೂ ಹಚ್ಚುವುದು ಬೇಡ. ಅಲ್ಲಿ ಕೋಟೆ ಬಿರುಕುಬಿಟ್ಟಿರುತ್ತದೆ.

ಪ್ರಸಂಗ ಬಂದದ್ದರಿಂದ ಇನ್ನೊಂದು ಮಾತು. ಜೇನು ಕಚ್ಚಿದರೆ ಮುಳ್ಳನ್ನು ಚಿವುಟಬಾರದು, ಕೆರೆದೇ ತೆಗೆಯಬೇಕು ಎಂದು ನಾವೆಲ್ಲ ಕೇಳಿದ್ದೇವೆ. ರೀತಿ ಮುಖ್ಯವಲ್ಲ, ವೇಗ ಮುಖ್ಯ ಎಂದು 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಚಾಕು ಹುಡುಕುತ್ತ ಒಳಗೆ ಓಡಬೇಡಿ. ಉಗುರಿಗೆ ಸಿಕ್ಕಂತೆ ಕಿತ್ತೆಸೆಯಿರಿ.

ಜೇನಿನ ವಿಷವನ್ನು ಔಷಧವೆಂದು ವೈದ್ಯಶಾಸ್ತ್ರ ನಿಸ್ಸಂಶಯವಾಗಿ ಒಪ್ಪಿರುವ ಸಂದರ್ಭ ಒಂದಿದೆ. ಅದು ಮೊಡವೆಯೂ ಅಲ್ಲ, ಸಂಧಿವಾತವೂ ಅಲ್ಲ. ಜೇನು ಕಚ್ಚಿದರೆ ಪ್ರಾಣಕ್ಕೆ ಬರುವಂಥ ಅಲರ್ಜಿಯಿದ್ದವರಿಗೆ ಅದೇ ವಿಷವನ್ನು ಅಣುಪ್ರಮಾಣದಿಂದ ತೊಡಗಿ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಮೂರರಿಂದ ಐದು ವರ್ಷ ಚುಚ್ಚಿ, ದೇಹ ಕಲಿತ ಪಾಠವನ್ನು ಮರೆಸುವುದು. ಕೀಟಗಳ ವಿಷದಿಂದಲೇ ಮಾಡುವ ಈ ಚಿಕಿತ್ಸೆಯ ಫಲವನ್ನು ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯವರು 1978ರಲ್ಲಿ ಪರೀಕ್ಷೆಯಿಂದ ಸ್ಥಾಪಿಸಿದರು. ಜೇನಿನ ವಿಷ ಎಲ್ಲಕ್ಕಿಂತ ಚೆನ್ನಾಗಿ ವಾಸಿಮಾಡುವುದು ಜೇನಿನ ವಿಷದ ಭಯವನ್ನು! ಹುಡುಗನಿಗೆ ಇದನ್ನು ಕೊಡಿಸಬೇಕೆಂದು ನನಗೆ ಆಸೆಯಿತ್ತು. ಆದರೆ ತಿಂಗಳುಗಟ್ಟಲೆ ದೊಡ್ಡ ಪಟ್ಟಣಕ್ಕೆ ಅಲೆಯಬೇಕಾದ ಆ ಚಿಕಿತ್ಸೆ ನಮ್ಮಂಥ ಊರಿನವರ ಕೈಗೆ ಎಟುಕುವಂಥದಾಗಿರಲಿಲ್ಲ.

ಮೊಡವೆಗೆ ಮಾತ್ರ ಮದ್ದು ನನ್ನ ಕೈಯಲ್ಲಿತ್ತು. ಬೆಂಜಾಯ್ಲ್ ಪೆರಾಕ್ಸೈಡ್ ಎಂಬ ಹಳೆಯ ಔಷಧ, ಬ್ಯಾಕ್ಟೀರಿಯಾ ಅದಕ್ಕೆ ಒಗ್ಗುವುದಿಲ್ಲ. ಬಿರಡೆಯನ್ನು ಸಡಿಲಿಸುವ ಅಡಾಪಲೀನ್ ಎಂಬ ಲೇಪನ. ಮೊದಲ ತಿಂಗಳು ಚರ್ಮ ಒಣಗಿ ಉರಿಯಿತು, ಬಿಟ್ಟುಬಿಡುತ್ತೇನೆಂದ. ಜೇನಿಗೆ ಹೆದರದವನು ಇದಕ್ಕೆ ಹೆದರುತ್ತೀಯಾ ಎಂದೆ. ಮೂರನೆಯ ತಿಂಗಳಿಗೆ ಹೊಸ ಗಂಟು ಏಳುವುದು ನಿಂತಿತು. ಉಳಿದದ್ದಕ್ಕೆ, ರಕ್ತಪರೀಕ್ಷೆ ಮಾಡಿಸುತ್ತ, ಐಸೊಟ್ರೆಟಿನಾಯಿನ್ ಗುಳಿಗೆ. ಒಂದು ವರ್ಷಕ್ಕೆ ಮುಖ ಸಮನಾಯಿತು. ಎಡಗೆನ್ನೆಯ ಮೇಲೆ ನಾಲ್ಕೈದು ಕುಳಿಗಳು ಉಳಿದಿವೆ. ಅವನು ಈಗ ಪಕ್ಕದ ತಾಲ್ಲೂಕಿನಲ್ಲಿ ಮೇಷ್ಟರು. ತರಗತಿಯಲ್ಲಿ ಮಕ್ಕಳ ಮುಂದೆ ನಿಲ್ಲುತ್ತಾನೆ.

ತಂದೆಯ ವಿಷಯ ಹೇಳದೆ ಇದನ್ನು ಮುಗಿಸಲಾರೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ದಕ್ಷಿಣಭಾರತದ ತುಡುವೆ ಕುಟುಂಬಗಳು ಬಹುಪಾಲು ನಾಶವಾದವಷ್ಟೆ. ಆಗ ಅವರ ತೋಟದಲ್ಲಿ ಒಂದೂ ಉಳಿದಿರಲಿಲ್ಲ. ಹತ್ತು ವರ್ಷ ಕಾದು, ಕಾಡಿನಿಂದ ಒಂದೊಂದೇ ಕುಟುಂಬವನ್ನು ಹಿಡಿದು ತಂದು ಹನ್ನೆರಡು ಪೆಟ್ಟಿಗೆ ಮಾಡಿದ್ದರು. ಮಗ ಆಸ್ಪತ್ರೆಯಿಂದ ಮನೆಗೆ ಬಂದ ವಾರದೊಳಗೆ ಹನ್ನೆರಡನ್ನೂ ಘಟ್ಟದ ಕೆಳಗಿನ ನೆಂಟರೊಬ್ಬರಿಗೆ ರಾತ್ರೋರಾತ್ರಿ ಸಾಗಿಸಿದರು. ಹಣ ತೆಗೆದುಕೊಳ್ಳಲಿಲ್ಲವಂತೆ. ಮುಂದಿನ ಸುಗ್ಗಿಯಲ್ಲಿ ನನ್ನಲ್ಲಿಗೆ ಬಂದವರು ಕುಳಿತು, ಎಲೆಯಡಿಕೆ ಹಾಕಿಕೊಂಡು, ಬಹಳ ಹೊತ್ತು ಸುಮ್ಮನಿದ್ದು ಕೇಳಿದರು:

"ಪೆಟ್ಟಿಗೆಯದು ಕೊಟ್ಟಾತು ಡಾಕ್ಟ್ರೇ. ಕೊಟ್ಟಿಗೆ ಹಿಂದಿನ ಹಲಸಿನ ಮರದ ಪೊಟರೆಗೆ ಈ ವರ್ಷ ಒಂದು ಕುಟುಂಬ ತಾನಾಗೇ ಬಂದು ಕೂತಿದ್ದು. ಅದನ್ನು ಎಂತ ಮಾಡಲಿ?"

ಮರ ಮನೆಯಿಂದ ಎಷ್ಟು ದೂರ ಎಂದು ಕೇಳಿದೆ. ನಲವತ್ತು ಮಾರು ಎಂದರು. ಮಗನ ಜೇಬಿನಲ್ಲಿ ಯಾವಾಗಲೂ ಅಡ್ರಿನಲೀನ್ ಇರಲಿ, ಚುಚ್ಚುವುದನ್ನು ಮನೆಯವರೆಲ್ಲ ಕಲಿಯಲಿ ಎಂದು ಹೇಳಿ, ಆ ಮಧ್ಯಾಹ್ನವೇ ಅವರಿಗೂ ಅವರ ಹೆಂಡತಿಗೂ ಒಂದು ಕಿತ್ತಳೆಹಣ್ಣಿನ ಮೇಲೆ ಚುಚ್ಚುವುದನ್ನು ಕಲಿಸಿದೆ. ಪೊಟರೆಯ ಜೇನು ಅಲ್ಲಿಯೇ ಇದೆ.